ಕುಡಿತದ ಲಿವರ್ ಕಾಯಿಲೆ ಮತ್ತು ಜೀನ್: ವರದಿ ಓದುವ ಬಗೆ, ಅದಕ್ಕೂ ಮೊದಲು ಮಾಡಬೇಕಾದ ಲೆಕ್ಕ

ಒಂದೇ ಮನೆಯ ಅಣ್ಣ ತಮ್ಮ, ಇಪ್ಪತ್ತು ವರ್ಷ ದಿನಕ್ಕೊಂದು ಕ್ವಾರ್ಟರ್ (180 ಮಿಲಿ) ಕುಡಿದವರು. ಅಣ್ಣ ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆ ಸೇರುತ್ತಾನೆ, ತಮ್ಮನ ರಕ್ತಪರೀಕ್ಷೆ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ. ವಿಪರೀತ ಕುಡಿಯುವ ಹತ್ತು ಜನರಲ್ಲಿ ಒಂಬತ್ತು ಮಂದಿಯ ಲಿವರ್‌ನಲ್ಲಿ ಕೊಬ್ಬು ಕೂರುತ್ತದೆ, ಆದರೆ ಸಿರೋಸಿಸ್‌ವರೆಗೆ (ಲಿವರ್ ಗಾಯದ ಕಲೆಯಿಂದ ಗಟ್ಟಿಯಾಗುವ ಹಂತ) ಹೋಗುವವರು ನೂರಕ್ಕೆ ಹತ್ತರಿಂದ ಇಪ್ಪತ್ತು ಮಾತ್ರ. ಈ ವ್ಯತ್ಯಾಸದಲ್ಲಿ ಹುಟ್ಟಿನಿಂದ ಬಂದದ್ದರ ಪಾಲೂ ಇದೆ ಎಂಬುದು 1981ರಲ್ಲೇ ಅವಳಿಗಳಿಂದ ತಿಳಿದಿತ್ತು. ಅಮೆರಿಕದ ಮಾಜಿ ಸೈನಿಕರಲ್ಲಿ 15,924 ಅವಳಿ ಜೋಡಿಗಳನ್ನು ನೋಡಿದಾಗ, ಒಬ್ಬನಿಗೆ ಕುಡಿತದ ಸಿರೋಸಿಸ್ ಇದ್ದರೆ ಇನ್ನೊಬ್ಬನಿಗೂ ಇರುವ ಪ್ರಮಾಣ ತದ್ರೂಪಿ ಅವಳಿಗಳಲ್ಲಿ ಶೇ 14.6, ತದ್ರೂಪಿಗಳಲ್ಲದ ಅವಳಿಗಳಲ್ಲಿ ಶೇ 5.4 ಇತ್ತು.

ಮನೆಯಲ್ಲಿ ಯಾರಾದರೂ ಕುಡಿತದ ಲಿವರ್ ಕಾಯಿಲೆಯಿಂದ ತೀರಿಕೊಂಡಿದ್ದು ಉಳಿದವರಿಗೆ ಆತಂಕವಿದ್ದರೆ, ಅಥವಾ ಜೀನ್ ವರದಿಯೊಂದು ಈಗಾಗಲೇ ಕೈಯಲ್ಲಿದ್ದು ಅದರರ್ಥ ತಿಳಿಯದಿದ್ದರೆ, ಈ ಬರಹ ನಿಮಗೆ. ಒಂದು ಮಾತು ಮೊದಲೇ ಹೇಳಬೇಕು: ಜೀನ್ ಪರೀಕ್ಷೆ ಇಲ್ಲಿ ಕೊನೆಯ ಹೆಜ್ಜೆ. ಕುಡಿತದ ಗ್ರಾಂ ಲೆಕ್ಕ ಮೊದಲು, ಲಿವರ್ ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ಆಮೇಲೆ, ಜೀನ್ ಮೂರನೆಯದು. ಕ್ರಮ ತಿರುಗಿಸಿದವರು ಸಾವಿರಾರು ರೂಪಾಯಿ ಕೊಟ್ಟು ವರದಿ ತರುತ್ತಾರೆ, ಗಟ್ಟಿಯಾಗುತ್ತಿರುವ ಲಿವರ್ ಮಾತ್ರ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಗ್ರಾಂ ಲೆಕ್ಕ

ಎಷ್ಟು ಕುಡಿಯುತ್ತೀರಿ ಎಂದರೆ "ಸ್ವಲ್ಪ", "ಯಾವಾಗಲಾದರೂ", "ಕಂಪನಿಗೆ" ಎಂಬ ಉತ್ತರವೇ ಹೆಚ್ಚು. ಇದರಿಂದ ಏನೂ ಗೊತ್ತಾಗುವುದಿಲ್ಲ. ಬಾಟಲಿಯ ಮೇಲಿನ ಎರಡು ಅಂಕಿ ಸಾಕು, ಮಿಲಿಲೀಟರ್ ಮತ್ತು ಆಲ್ಕೊಹಾಲ್‌ನ ಶೇಕಡಾ ಪ್ರಮಾಣ:

ಗ್ರಾಂ = ಮಿಲಿ × ಶೇಕಡಾ × 0.789 ÷ 100

ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ ಸಾಮಾನ್ಯವಾಗಿ ಶೇ 42.8. ಹಾಗಾಗಿ 60 ಮಿಲಿಯಲ್ಲಿ ಸುಮಾರು 20 ಗ್ರಾಂ, ನೈಂಟಿಯಲ್ಲಿ 30, ಕ್ವಾರ್ಟರ್‌ನಲ್ಲಿ 61 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. 650 ಮಿಲಿಯ ಬೀರ್ ಶೇ 5ರದ್ದಾದರೆ 26 ಗ್ರಾಂ, ಶೇ 8ರ ಸ್ಟ್ರಾಂಗ್ ಆದರೆ 41 ಗ್ರಾಂ. "ಬೀರ್ ತಾನೇ" ಎನ್ನುವವರು ಇಲ್ಲಿ ನಿಲ್ಲಬೇಕು: ಎರಡು ಬಾಟಲಿ ಸ್ಟ್ರಾಂಗ್ ಬೀರ್ 82 ಗ್ರಾಂ, ಒಂದು ಕ್ವಾರ್ಟರ್‌ಗಿಂತ ಹೆಚ್ಚು. ಸೋಡಾ, ನೀರು ಬೆರೆಸಿದರೆ ಗ್ರಾಂ ಕಡಿಮೆಯಾಗುವುದಿಲ್ಲ.

ಈಗ ಏಳರಿಂದ ಗುಣಿಸಿ. 2023ರಲ್ಲಿ ಅಂತರರಾಷ್ಟ್ರೀಯ ಲಿವರ್ ತಜ್ಞರು ಒಪ್ಪಿದ ವಿಂಗಡಣೆಯ ಪ್ರಕಾರ, ಲಿವರ್‌ನಲ್ಲಿ ಕೊಬ್ಬಿದ್ದು ಗಂಡಸರು ವಾರಕ್ಕೆ 420 ಗ್ರಾಂ, ಹೆಂಗಸರು 350 ಗ್ರಾಂ ದಾಟಿದ್ದರೆ ಅದು ಕುಡಿತದ ಲಿವರ್ ಕಾಯಿಲೆಯ ಗುಂಪು. ಗಂಡಸರಿಗೆ 210ರಿಂದ 420, ಹೆಂಗಸರಿಗೆ 140ರಿಂದ 350 ಗ್ರಾಂ ನಡುವೆ ಇದ್ದು, ಜೊತೆಗೆ ಬೊಜ್ಜು, ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟರಾಲ್ ತೊಂದರೆಗಳಲ್ಲಿ ಒಂದಾದರೂ ಇದ್ದರೆ ಎರಡೂ ಕಾರಣ ಕೂಡಿದ ಗುಂಪು. ನಮ್ಮ ಅಳತೆಗೆ ಇಳಿಸಿದರೆ ಈ ಗೆರೆಗಳು ಬಹಳ ಹತ್ತಿರದಲ್ಲಿವೆ. ಗಂಡಸೊಬ್ಬ ದಿನಕ್ಕೊಂದು ನೈಂಟಿ ಹಾಕಿದರೆ ವಾರಕ್ಕೆ 213 ಗ್ರಾಂ, ಮೊದಲ ಗೆರೆ ದಾಟಿತು. ದಿನಕ್ಕೊಂದು ಕ್ವಾರ್ಟರ್ ಆದರೆ 425 ಗ್ರಾಂ, ಎರಡನೆಯದೂ ದಾಟಿತು.

ಲೆಕ್ಕ ತಪ್ಪುವುದು ಮೂರು ಕಡೆ. ಮನೆಯಲ್ಲಿ ಕೈಯಳತೆಯಲ್ಲಿ ಸುರಿದುಕೊಳ್ಳುವ ಪೆಗ್ 60 ಮಿಲಿ ಮೀರಿರುತ್ತದೆ. ಮದುವೆ, ಜಾತ್ರೆ, ವಾರಾಂತ್ಯದ ಕುಡಿತವನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನು ಹೆಂಡ, ಕಳ್ಳಬಟ್ಟಿಯ ಶೇಕಡಾ ಪ್ರಮಾಣ ಯಾವ ಲೇಬಲ್ಲಿನ ಮೇಲೂ ಇರುವುದಿಲ್ಲ. ಕರ್ನಾಟಕದಲ್ಲಿ ಸಾರಾಯಿ 2007ರಲ್ಲಿ ನಿಂತರೂ ಕಳ್ಳಬಟ್ಟಿ ಅಲ್ಲಲ್ಲಿ ಉಳಿದಿದೆ. ಅಂಥದ್ದನ್ನು ಕುಡಿಯುವವರು ಗ್ರಾಂ ಲೆಕ್ಕಕ್ಕೆ ಕೂರದೆ ನೇರವಾಗಿ ಮುಂದಿನ ಹೆಜ್ಜೆಗೆ ಹೋಗಲಿ. ಬಾಯಿಮಾತಿಗಿಂತ ತಿಂಗಳ ಖರ್ಚು ಸತ್ಯಕ್ಕೆ ಹತ್ತಿರ: ತಿಂಗಳಿಗೆ ಎಷ್ಟು ಹಣ ಹೋಯಿತು, ಒಂದು ಕ್ವಾರ್ಟರ್‌ಗೆ ಎಷ್ಟು, ಭಾಗಿಸಿ ನೋಡಿ.

ಲಿವರ್ ಈಗ ಹೇಗಿದೆ

ಯಾವುದೇ ತಾಲ್ಲೂಕು ಕೇಂದ್ರದ ಲ್ಯಾಬ್‌ನಲ್ಲೂ ಆಗುವ ಪರೀಕ್ಷೆಗಳಿಂದ ಶುರುಮಾಡಿ: ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ), ಸಿಬಿಸಿ (ರಕ್ತಕಣಗಳ ಎಣಿಕೆ), ಮೂರು ತಿಂಗಳ ಸರಾಸರಿ ಸಕ್ಕರೆ, ಹೆಪಟೈಟಿಸ್ ಬಿ ಮತ್ತು ಸಿ, ಹೊಟ್ಟೆಯ ಸ್ಕ್ಯಾನಿಂಗ್. ಕುಡಿತದ ಹಾನಿಯಲ್ಲಿ ಎಲ್‌ಎಫ್‌ಟಿಯ ಎಸ್‌ಜಿಒಟಿ (ಎಎಸ್‌ಟಿ) ಎಂಬ ಕಿಣ್ವದ ಅಂಕಿ ಎಸ್‌ಜಿಪಿಟಿ (ಎಎಲ್‌ಟಿ) ಎಂಬುದಕ್ಕಿಂತ ಹೆಚ್ಚಿರುತ್ತದೆ, ಅನೇಕ ಸಲ ಎರಡು ಪಟ್ಟು. ಆದರೆ ಎಸ್‌ಜಿಒಟಿ 400 ದಾಟುವುದು ಅಪರೂಪ. ಸಾವಿರ ದಾಟಿದ್ದರೆ ಕುಡಿತವೊಂದನ್ನೇ ದೂರಬೇಡಿ. ವೈರಲ್ ಹೆಪಟೈಟಿಸ್, ಪ್ಯಾರಾಸಿಟಮಾಲ್, ನಾಟಿ ಔಷಧಿ ಯಾವುದಾದರೂ ಇದೆಯೇ ಎಂದು ಹುಡುಕಬೇಕು. ಎಲ್‌ಎಫ್‌ಟಿ ನಾರ್ಮಲ್ ಬಂತೆಂದು ಸಮಾಧಾನಪಡುವುದೂ ತಪ್ಪು. ಸಿರೋಸಿಸ್ ಆಗಿರುವ ಲಿವರ್‌ನಲ್ಲೂ ಈ ಅಂಕಿಗಳು ಮಿತಿಯೊಳಗೆ ಇರಬಹುದು.

ಗಾಯದ ಕಲೆ ಎಷ್ಟು ಗಟ್ಟಿಯಾಗಿದೆ ಎಂಬ ಅಂದಾಜಿಗೆ ಇದೇ ರಕ್ತಪರೀಕ್ಷೆಗಳಿಂದ ಫಿಬ್-4 ಎಂಬ ಅಂಕಿ ತೆಗೆಯಬಹುದು. ಹೆಚ್ಚುವರಿ ಖರ್ಚಿಲ್ಲ.

ಫಿಬ್-4 = (ವಯಸ್ಸು × ಎಸ್‌ಜಿಒಟಿ) ÷ (ಪ್ಲೇಟ್‌ಲೆಟ್ × ಎಸ್‌ಜಿಪಿಟಿಯ ವರ್ಗಮೂಲ)

ಪ್ಲೇಟ್‌ಲೆಟ್ ಜಾಗದಲ್ಲೇ ಹೆಚ್ಚು ಜನ ಎಡವುವುದು. ನಮ್ಮ ಲ್ಯಾಬ್‌ಗಳು 1.65 ಲಕ್ಷ ಎಂದು ಬರೆಯುತ್ತವೆ. ಸೂತ್ರಕ್ಕೆ ಬೇಕಾದದ್ದು ಸಾವಿರದ ಲೆಕ್ಕ, ಅಂದರೆ 165. ವಯಸ್ಸು 46, ಎಸ್‌ಜಿಒಟಿ 78, ಎಸ್‌ಜಿಪಿಟಿ 44, ಪ್ಲೇಟ್‌ಲೆಟ್ 1.65 ಲಕ್ಷ ಎಂದುಕೊಳ್ಳಿ. 46 × 78 = 3588. 44ರ ವರ್ಗಮೂಲ 6.63, 165 × 6.63 = 1094. ಭಾಗಿಸಿದರೆ 3.28. 1.3ಕ್ಕಿಂತ ಕಡಿಮೆ ಇದ್ದರೆ ತೀವ್ರ ಫೈಬ್ರೋಸಿಸ್ (ಗಾಯದ ಕಲೆ) ಇರುವ ಸಂಭವ ಕಡಿಮೆ (65 ದಾಟಿದವರಿಗೆ ಈ ಗೆರೆ 2.0), 2.67 ದಾಟಿದರೆ ಹೆಚ್ಚು. ನಮ್ಮ ಉದಾಹರಣೆಯ ವ್ಯಕ್ತಿ ತಡಮಾಡದೆ ಲಿವರ್ ತಜ್ಞರನ್ನು ಕಾಣಬೇಕು. ಅವರ ಎಸ್‌ಜಿಪಿಟಿ ಬಹುತೇಕ ನಾರ್ಮಲ್ ಎನ್ನುವಂತೆಯೇ ಇದೆ, ಗಮನಿಸಿ.

ಈ ಅಂಕಿ ಸುಳ್ಳು ಹೇಳುವ ಸಂದರ್ಭಗಳಿವೆ. ಡೆಂಗಿ ಬಂದಾಗ ಪ್ಲೇಟ್‌ಲೆಟ್ ಇಳಿಯುತ್ತದೆ, ಎಸ್‌ಜಿಒಟಿ ಏರುತ್ತದೆ, ಫಿಬ್-4 ಗಗನಕ್ಕೇರುತ್ತದೆ. ಮಲೆನಾಡಿನ ಮಂಗನ ಕಾಯಿಲೆಯಲ್ಲೂ ಹೀಗೆಯೇ. ಜ್ವರ ಬಿಟ್ಟು ಒಂದೂವರೆ ತಿಂಗಳು ಕಳೆದ ಮೇಲೆ ರಕ್ತ ಕೊಡಿ. ಸತತ ಕುಡಿತವೇ ಮೂಳೆಮಜ್ಜೆಯನ್ನು ಕುಗ್ಗಿಸಿ ಪ್ಲೇಟ್‌ಲೆಟ್ ಇಳಿಸುತ್ತದೆ, ಬಿಟ್ಟ ಒಂದೆರಡು ವಾರದಲ್ಲಿ ಅದು ಏರತೊಡಗುತ್ತದೆ. ಕೆಲವರ ರಕ್ತದಲ್ಲಿ ನೇರಳೆ ಮುಚ್ಚಳದ ಟ್ಯೂಬಿನೊಳಗೆ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ಯಂತ್ರಕ್ಕೆ ಕಡಿಮೆ ಕಾಣುತ್ತವೆ. ಅನುಮಾನವಿದ್ದರೆ ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತ) ಸೂಕ್ಷ್ಮದರ್ಶಕದಲ್ಲಿ ನೋಡಲು ಕೇಳಿ. ವಯಸ್ಸು 35ಕ್ಕಿಂತ ಕಡಿಮೆ ಇದ್ದರೆ ಫಿಬ್-4ಅನ್ನು ನೆಚ್ಚಿಕೊಳ್ಳಬೇಡಿ.

1.3 ದಾಟಿದವರ ಮುಂದಿನ ಮೆಟ್ಟಿಲು ಫೈಬ್ರೋಸ್ಕ್ಯಾನ್, ಲಿವರ್ ಎಷ್ಟು ಗಡುಸಾಗಿದೆ ಎಂದು ಹೊರಗಿನಿಂದಲೇ ಅಳೆಯುವ ಸ್ಕ್ಯಾನ್. ಕನಿಷ್ಠ ಮೂರು ಗಂಟೆ ಖಾಲಿ ಹೊಟ್ಟೆ ಇರಲಿ, ಊಟವಾದ ಮೇಲೆ ಅಳೆದರೆ ಗಡಸುತನ ಹೆಚ್ಚು ತೋರುತ್ತದೆ. ವರದಿಯಲ್ಲಿ ಹತ್ತು ಸರಿಯಾದ ಅಳತೆ ಇದೆಯೇ, ಮಧ್ಯಾಂಕಕ್ಕೆ ಹೋಲಿಸಿದ ಏರಿಳಿತ ಶೇ 30ರೊಳಗಿದೆಯೇ ನೋಡಿ. ಇಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ದಪ್ಪ ಮೈಯವರಿಗೆ ಎಕ್ಸ್‌ಎಲ್ ಪ್ರೋಬ್ (ಮೈಮೇಲೆ ಇಡುವ ಉಪಕರಣದ ದೊಡ್ಡ ಅಳತೆ) ಬೇಕು. ಗಡಸುತನ 8 ಕಿಲೋಪ್ಯಾಸ್ಕಲ್‌ಗಿಂತ ಕೆಳಗಿದ್ದರೆ ತೀವ್ರ ಫೈಬ್ರೋಸಿಸ್ ಇಲ್ಲವೆನ್ನಬಹುದು, 12ರಿಂದ 15ರ ಆಚೆ ಹೋದರೆ ಇದೆ ಎಂದೇ ಅನುಮಾನಿಸಬೇಕು. ಆದರೆ ಎಸ್‌ಜಿಒಟಿ ಬಹಳ ಏರಿರುವಾಗ ಉರಿಯೂತದಿಂದಲೇ ಲಿವರ್ ಗಡುಸಾಗಿರುತ್ತದೆ. ಹಿಂದಿನ ದಿನದವರೆಗೂ ಕುಡಿದು ಬಂದು ಮಾಡಿಸಿದ 18ರ ಅಂಕಿ, ಕುಡಿತ ಬಿಟ್ಟ ಕೆಲ ವಾರಗಳಲ್ಲಿ 11ಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಹಾಗಾಗಿ ಅಂಥವರು ಕನಿಷ್ಠ ಎರಡು ವಾರ ಬಿಟ್ಟು ಮತ್ತೊಮ್ಮೆ ಅಳೆಸಬೇಕು.

ನಲವತ್ತರೊಳಗಿನ ಹುಡುಗನ ಲಿವರ್ ಕೆಟ್ಟಿದ್ದರೆ "ಕುಡೀತಾನಲ್ಲ" ಎಂದು ಫೈಲು ಮುಚ್ಚುವ ಪರಿಪಾಠ ನಿಲ್ಲಬೇಕು. ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ ಇದೇ ವೇಷದಲ್ಲಿ ಬರುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನಾದ ಸೆರುಲೋಪ್ಲಾಸ್ಮಿನ್ ಪರೀಕ್ಷೆ ಒಮ್ಮೆ ಮಾಡಿಸಿ.

ಯಾವ ಜೀನ್, ಏನು ಮಾಡುತ್ತದೆ

ನೂರಾರು ಹೆಸರುಗಳಿರುವ ವರದಿಯಲ್ಲಿ ನೀವು ಹುಡುಕಬೇಕಾದದ್ದು ಮೂರು ನಾಲ್ಕು ಮಾತ್ರ. ಅದರಲ್ಲೂ ತೂಕವಿರುವುದು ಒಂದಕ್ಕೆ: ಪಿಎನ್‌ಪಿಎಲ್‌ಎ3. ಈ ಜೀನ್‌ನ ಒಂದು ಜಾಗದಲ್ಲಿ ಸಿ ಅಕ್ಷರದ ಬದಲು ಜಿ ಇದ್ದರೆ, ಅದು ಕಟ್ಟುವ ಪ್ರೋಟೀನಿನ 148ನೇ ಸ್ಥಾನದಲ್ಲಿ ಐಸೊಲ್ಯೂಸಿನ್ ಹೋಗಿ ಮೆಥಿಯೊನಿನ್ ಬರುತ್ತದೆ. 2008ರಲ್ಲಿ ಡಲ್ಲಾಸ್ ನಗರದ ಹೃದಯ ಅಧ್ಯಯನದಲ್ಲಿ ಇದನ್ನು ಫ್ಯಾಟಿ ಲಿವರ್‌ಗೆ ಜೋಡಿಸಲಾಯಿತು. 2010ರಲ್ಲಿ ಮೆಕ್ಸಿಕನ್ ಮೂಲದ ಕುಡಿತದ ರೋಗಿಗಳಲ್ಲಿ ಸಿರೋಸಿಸ್‌ನೊಂದಿಗೂ ನಂಟು ಕಂಡಿತು. 2015ರಲ್ಲಿ ಯುರೋಪಿನ ರೋಗಿಗಳ ಇಡೀ ಜೀನೋಮ್ ಜಾಲಾಡಿದಾಗ ಎಲ್ಲಕ್ಕಿಂತ ಗಟ್ಟಿಯಾಗಿ ಎದ್ದು ಕಂಡದ್ದೂ ಇದೇ.

ಇದರ ಕೆಲಸ ಹೀಗೆ. ಲಿವರ್ ಕೋಶದೊಳಗಿನ ಕೊಬ್ಬಿನ ಹನಿಗಳ ಮೇಲೆ ಈ ಪ್ರೋಟೀನ್ ಕೂರುತ್ತದೆ. ಸರಿಯಾದದ್ದನ್ನು ಕೋಶ ಕಾಲಕಾಲಕ್ಕೆ ಒಡೆದು ಹಾಕುತ್ತದೆ. ಬದಲಾದದ್ದು ಹಾಗೆ ಒಡೆಯದೆ ಹನಿಯ ಮೇಲೆ ಪೇರುತ್ತ ಹೋಗುತ್ತದೆ, ಕೊಬ್ಬು ಕರಗಿಸುವ ಕಿಣ್ವಕ್ಕೆ ಬೇಕಾದ ಸಹಾಯಕ ಪ್ರೋಟೀನನ್ನೂ ತಾನೇ ಹಿಡಿದುಕೊಂಡುಬಿಡುತ್ತದೆ. ಹಾಗಾಗಿ ಕೊಬ್ಬು ಖಾಲಿಯಾಗುವುದಿಲ್ಲ. ಇನ್ಸುಲಿನ್ ಮತ್ತು ಸಿಹಿ, ಪಿಷ್ಟದ ಊಟ ಈ ಜೀನ್‌ನ ಕೆಲಸವನ್ನು ಹೆಚ್ಚಿಸುತ್ತವೆ. ದೊಡ್ಡ ಹೊಟ್ಟೆ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಒಂದೇ ಜಿ ಅಕ್ಷರ ಹೆಚ್ಚು ಹಾನಿ ಮಾಡುವುದು ಈ ಕಾರಣಕ್ಕೆ. ಅಕ್ಷರ ತಿದ್ದಲು ನಮ್ಮಿಂದಾಗದು, ಸೊಂಟದ ಸುತ್ತಳತೆ ಇಳಿಸಬಹುದು.

ಪ್ರತಿಯೊಬ್ಬರಲ್ಲೂ ಈ ಜೀನ್‌ನ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ವಿಪರೀತ ಕುಡಿಯುವವರಲ್ಲಿ ಎರಡೂ ಪ್ರತಿ ಸಿ ಇರುವವರಿಗೆ ಹೋಲಿಸಿದರೆ, ಒಂದು ಜಿ ಇರುವವರಿಗೆ ಸಿರೋಸಿಸ್ ಅಪಾಯ ಸುಮಾರು ಎರಡು ಪಟ್ಟು, ಎರಡೂ ಜಿ ಇರುವವರಿಗೆ ಮೂರರಿಂದ ನಾಲ್ಕು ಪಟ್ಟು. ದಕ್ಷಿಣ ಏಷ್ಯಾದವರಲ್ಲಿ ಈ ಜಾಗದ ಪ್ರತಿಗಳಲ್ಲಿ ಸರಿಸುಮಾರು ಕಾಲು ಭಾಗ ಜಿ. ಅಂದರೆ ನೂರರಲ್ಲಿ ಆರು ಜನ ಜಿಜಿ, ಮೂವತ್ತೇಳು ಮೂವತ್ತೆಂಟು ಜನ ಸಿಜಿ. ಇದು ಅಪರೂಪದ ದೋಷವಲ್ಲ, ನಿಮ್ಮ ಬೀದಿಯಲ್ಲೇ ಹತ್ತಾರು ಜನರಲ್ಲಿ ಇರುತ್ತದೆ.

ಎರಡನೆಯದು ಟಿಎಂ6ಎಸ್‌ಎಫ್2. ಲಿವರ್ ಕೊಬ್ಬನ್ನು ಪೊಟ್ಟಣ ಕಟ್ಟಿ ರಕ್ತಕ್ಕೆ ಕಳಿಸುವ ಕೆಲಸ ಇದರಿಂದ ಕುಂಠಿತವಾಗುತ್ತದೆ. ಪರಿಣಾಮವಾಗಿ ರಕ್ತದಲ್ಲಿ ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ಕಡಿಮೆ ಕಾಣುತ್ತವೆ, ಲಿವರ್‌ನಲ್ಲಿ ಕೊಬ್ಬು ಉಳಿಯುತ್ತದೆ. "ನನ್ನ ಲಿಪಿಡ್ ಪ್ರೊಫೈಲ್ ಚೆನ್ನಾಗಿದೆ" ಎಂಬ ಧೈರ್ಯ ಇಂಥವರಿಗೆ ಅಪಾಯಕಾರಿ.

ಮೂರನೆಯದು ಎಚ್‌ಎಸ್‌ಡಿ17ಬಿ13, ಇದು ಕಾಪಾಡುವ ಬದಲಾವಣೆ. 2018ರ ಅಧ್ಯಯನದಲ್ಲಿ ಇದರ ಒಂದು ಪ್ರತಿ ಇದ್ದವರಲ್ಲಿ ಕುಡಿತದ ಸಿರೋಸಿಸ್ ಶೇ 42ರಷ್ಟು, ಎರಡು ಪ್ರತಿ ಇದ್ದವರಲ್ಲಿ ಶೇ 73ರಷ್ಟು ಕಡಿಮೆ ಕಂಡಿತು. ಎಂಎಆರ್‌ಸಿ1ರಲ್ಲೂ ಸಣ್ಣ ಪ್ರಮಾಣದ ರಕ್ಷಣೆಯಿದೆ. ಎಂಬಿಒಎಟಿ7 ಎಂಬುದು ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಅದರ ಪರಿಣಾಮ ಚಿಕ್ಕದು, ತಲೆಕೆಡಿಸಿಕೊಳ್ಳಬೇಡಿ. ಕಬ್ಬಿಣ ಸೇರಿಕೊಳ್ಳುವ ಎಚ್‌ಎಫ್‌ಇಯ ಸಿ282ವೈ, ಆಲ್ಫಾ-1 ಆಂಟಿಟ್ರಿಪ್ಸಿನ್‌ನ ಝಡ್ ಇವೆರಡೂ ಯುರೋಪಿನವರಲ್ಲಿ ಮುಖ್ಯ, ನಮ್ಮಲ್ಲಿ ಬಹಳ ಅಪರೂಪ. ಇವಕ್ಕಾಗಿ ಪ್ರತ್ಯೇಕ ಹಣ ಸುರಿಯಬೇಕಿಲ್ಲ; ಕಬ್ಬಿಣದ ಮಟ್ಟಿಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ರಕ್ತಪರೀಕ್ಷೆ ನೋಡಿದರೆ ಸಾಕು.

ಮಾದರಿ ಕೊಡುವುದು, ಫೈಲ್ ಓದುವುದು

ಎಂಜಲಿನ ಕಿಟ್ ಆದರೆ ಅರ್ಧ ಗಂಟೆ ಮುಂಚೆ ಏನನ್ನೂ ತಿನ್ನದೆ, ಕುಡಿಯದೆ, ಸಿಗರೇಟು ಸೇದದೆ ಇರಬೇಕು. ಎಲೆಅಡಿಕೆ, ಗುಟ್ಕಾ ಜಗಿಯುವವರು ಬಾಯಿ ಚೆನ್ನಾಗಿ ಮುಕ್ಕಳಿಸಿ, ಆಮೇಲೆ ಅರ್ಧ ಗಂಟೆ ಕಾಯಬೇಕು. ಇಲ್ಲದಿದ್ದರೆ ಮಾದರಿ ಕೆಟ್ಟು ಮತ್ತೆ ಕೊಡಬೇಕಾಗುತ್ತದೆ. ರಕ್ತವಾದರೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ 2ರಿಂದ 3 ಮಿಲಿ ಸಾಕು, ಖಾಲಿ ಹೊಟ್ಟೆ ಬೇಕಿಲ್ಲ. ಲಿವರ್ ಕಸಿ ಆದವರಿಗೆ ಒಂದು ಎಚ್ಚರಿಕೆ: ರಕ್ತ, ಎಂಜಲು ಹೇಳುವುದು ನಿಮ್ಮ ಹುಟ್ಟುಜೀನ್ ಅನ್ನು, ಒಳಗಿರುವ ಲಿವರ್‌ನ ಜೀನ್ ದಾನಿಯದು. ಮೂಳೆಮಜ್ಜೆ ಕಸಿ ಆದವರಲ್ಲಿ ರಕ್ತವೇ ದಾನಿಯ ಜೀನ್ ತೋರಿಸುತ್ತದೆ.

ಕಚ್ಚಾ ಫೈಲ್ (ಓದಿದ ಅಕ್ಷರಗಳ ಪೂರ್ತಿ ಪಟ್ಟಿ) ಕೈಯಲ್ಲಿದ್ದರೆ ಈ ಗುರುತುಗಳನ್ನು ಹುಡುಕಿ. ಫೈಲ್‌ನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ, ಅಂಕಿಗಳು ಇವೇ. ಪಿಎನ್‌ಪಿಎಲ್‌ಎ3ಕ್ಕೆ ಆರ್‌ಎಸ್738409, 22ನೇ ಕ್ರೋಮೊಸೋಮ್. ಜೀನೋಮಿನ ಹಳೆಯ ನಕ್ಷೆ 37ರಲ್ಲಿ ಸ್ಥಾನ 44324727, ಹೊಸ ನಕ್ಷೆ 38ರಲ್ಲಿ 43928847. ಅಪಾಯದ ಅಕ್ಷರ ಜಿ. ಟಿಎಂ6ಎಸ್‌ಎಫ್2ಕ್ಕೆ ಆರ್‌ಎಸ್58542926, ಅಪಾಯದ ಅಕ್ಷರ ಟಿ. ಎಚ್‌ಎಸ್‌ಡಿ17ಬಿ13ಕ್ಕೆ ಆರ್‌ಎಸ್72613567, ಇಲ್ಲಿ ಅಕ್ಷರ ಬದಲಾಗುವುದಲ್ಲ, ಒಂದು ಎ ಹೆಚ್ಚಿಗೆ ಸೇರುತ್ತದೆ. ಅದಕ್ಕೇ ಆಯ್ದ ಜಾಗಗಳನ್ನಷ್ಟೇ ಓದುವ ಅಗ್ಗದ ಚಿಪ್ ಪರೀಕ್ಷೆಗಳಲ್ಲಿ ಇದು ಎಷ್ಟೋ ಸಲ ಇರುವುದೇ ಇಲ್ಲ, ಇದ್ದರೂ ಸೇರ್ಪಡೆ ಅಥವಾ ಲೋಪ ಎಂಬ ಸಂಕೇತದಲ್ಲಿ ಇರುತ್ತದೆ. ಆಗ ಅದರ ಜೊತೆಗೇ ಸಾಗಿಬರುವ ಆರ್‌ಎಸ್6834314 ನೋಡಿ, ಜಿ ಇದ್ದರೆ ಕಾಪಾಡುವ ಕಡೆ.

ಇನ್ನು ಅನುಭವಿಗಳೂ ತಪ್ಪುವ ಜಾಗ. ಡಿಎನ್‌ಎಗೆ ಎರಡು ಎಳೆ; ಒಂದರಲ್ಲಿ ಸಿ ಇದ್ದರೆ ಎದುರಿನದರಲ್ಲಿ ಜಿ. ಆರ್‌ಎಸ್738409ರಲ್ಲಿ ಬದಲಾಗುವ ಅಕ್ಷರಗಳೂ ಸಿ ಮತ್ತು ಜಿಯೇ ಆದ್ದರಿಂದ, ವರದಿ ಯಾವ ಎಳೆಯನ್ನು ಓದಿದೆ ಎಂದು ಗೊತ್ತಾಗದಿದ್ದರೆ ನಿರಪಾಯದ ಸಿಸಿಯನ್ನು ಅಪಾಯದ ಜಿಜಿ ಎಂದೋ, ಜಿಜಿಯನ್ನು ಸಿಸಿ ಎಂದೋ ಓದಿಬಿಡಬಹುದು. ಫೈಲ್‌ನ ಮೊದಲ ಸಾಲುಗಳಲ್ಲಿ ಪ್ಲಸ್ ಎಳೆ ಎಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಒಂದು ಉಪಾಯವಿದೆ: ಮೂರೇ ಅಕ್ಷರ ಆಚೆ ಆರ್‌ಎಸ್738408 ಇದೆ. ಅಲ್ಲಿ ಬದಲಾಗುವುದು ಸಿ ಮತ್ತು ಟಿ, ಎದುರು ಎಳೆಯಲ್ಲಾದರೆ ಜಿ ಮತ್ತು ಎ. ಹಾಗಾಗಿ ಎಳೆ ಯಾವುದೆಂದು ಅಲ್ಲಿ ಗೊಂದಲವಿಲ್ಲ. ಇವೆರಡೂ ಹೆಚ್ಚುಕಡಿಮೆ ಯಾವಾಗಲೂ ಒಟ್ಟಿಗೇ ಬರುತ್ತವೆ: ಅಲ್ಲಿ ಟಿಟಿ ಇದ್ದರೆ ಇಲ್ಲಿ ನಿಜವಾದ ಜಿಜಿ, ಅಲ್ಲಿ ಸಿಸಿ ಇದ್ದರೆ ಇಲ್ಲಿ ಸಿಸಿ.

ಇಡೀ ಜೀನೋಮ್ ಅಥವಾ ಎಕ್ಸೋಮ್ (ಪ್ರೋಟೀನ್ ಕಟ್ಟುವ ಭಾಗ ಮಾತ್ರ) ಓದಿಸಿದವರ ಫೈಲ್ ಬೇರೆ ಥರ. ಅದರಲ್ಲಿ ಆರ್‌ಎಸ್738409ರ ಮುಂದೆ 0/0 ಎಂದರೆ ಸಿಸಿ, 0/1 ಸಿಜಿ, 1/1 ಜಿಜಿ. ಬದಲಾವಣೆ ಇಲ್ಲದ ಜಾಗಗಳನ್ನು ಇಂಥ ಫೈಲ್ ಸಾಮಾನ್ಯವಾಗಿ ನಮೂದಿಸುವುದೇ ಇಲ್ಲ. ಸಾಲು ಕಾಣಿಸಲಿಲ್ಲವೆಂದರೆ ಸಿಸಿ ಇರಬಹುದು, ಆ ಜಾಗವನ್ನು ಯಂತ್ರ ಓದಿಯೇ ಇಲ್ಲದಿರಬಹುದು. ಆ ಸ್ಥಾನವನ್ನು ಎಷ್ಟು ಸಲ ಓದಲಾಗಿದೆ ಎಂದು ಲ್ಯಾಬನ್ನು ಕೇಳಿ. 20ರ ಮೇಲಿದ್ದರೆ ನಂಬಬಹುದು.

ಫಲಿತಾಂಶ ಬಂದ ಮೇಲೆ

ಜಿಜಿ ಬಂದು, ಕುಡಿತವೂ ಇದ್ದರೆ, ನಮ್ಮ ಸಲಹೆ ಒಂದೇ: ಪೂರ್ತಿ ಬಿಡಬೇಕು. ಕಡಿಮೆ ಮಾಡಿಕೊಂಡು ನಿಭಾಯಿಸುವ ಮಿತಿ ಎಂಬುದನ್ನು ಇಂಥವರಿಗೆ ಯಾರೂ ಕೊಡಲಾರರು. ಫಿಬ್-4 ಎಷ್ಟೇ ಇರಲಿ ಫೈಬ್ರೋಸ್ಕ್ಯಾನ್ ಒಮ್ಮೆ ಈಗಲೇ ಆಗಲಿ. 8ರ ಕೆಳಗಿದ್ದರೆ ವರ್ಷಕ್ಕೊಮ್ಮೆ ಫಿಬ್-4. ಸಿರೋಸಿಸ್ ಆಗಲೇ ಇದ್ದರೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಒಂದನ್ನೂ ತಪ್ಪಿಸಬಾರದು, ಏಕೆಂದರೆ ಜಿಜಿ ಇರುವವರಲ್ಲಿ ಲಿವರ್ ಕ್ಯಾನ್ಸರ್ ಅಪಾಯವೂ ಹೆಚ್ಚು.

ಜೊತೆಗೆ ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಮೇಲಿನ ಮೂರು ಜೀನ್ ಜಾಗಗಳನ್ನು ಕೂಡಿಸಿ ಅಂಕ ಕೊಟ್ಟ ಅಧ್ಯಯನವೊಂದು 2022ರಲ್ಲಿ ಬಂತು. ಅದರಲ್ಲಿ ಕುಡಿಯುವವರ ಪೈಕಿ ಅಂಕದಲ್ಲಿ ಮೇಲಿನ ಐದನೇ ಒಂದು ಭಾಗದವರಿಗೆ ಕೆಳಗಿನ ಐದನೇ ಒಂದು ಭಾಗದವರಿಗಿಂತ ಸುಮಾರು ಮೂರು ಪಟ್ಟು ಅಪಾಯ ಕಂಡಿತು; ಹೆಚ್ಚು ಅಂಕದ ಜೊತೆ ಸಕ್ಕರೆ ಕಾಯಿಲೆಯೂ ಸೇರಿದವರಲ್ಲಿ ಅದು ಹತ್ತು ಪಟ್ಟು ದಾಟಿತು.

ಸಿಸಿ ಬಂದವರೇ ಹೆಚ್ಚು ಎಡವುವುದು. "ನನ್ನ ಜೀನ್ ಚೆನ್ನಾಗಿದೆ" ಎಂದು ಕ್ವಾರ್ಟರ್ ಮುಂದುವರಿಸುತ್ತಾರೆ. ಸಿರೋಸಿಸ್ ಆದವರ ಸಾಲಿನಲ್ಲಿ ಸಿಸಿ ಇರುವವರೂ ಧಾರಾಳವಾಗಿದ್ದಾರೆ. ಬಾಯಿ, ಅನ್ನನಾಳದ ಕ್ಯಾನ್ಸರ್, ಮೇದೋಜೀರಕದ ಊತ, ಬಿಪಿ ಇವಕ್ಕೆ ಪಿಎನ್‌ಪಿಎಲ್‌ಎ3 ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಗ್ರಾಂ ಲೆಕ್ಕ ಗೆರೆ ದಾಟಿದ ಯಾರಿಗಾದರೂ ಲಿವರ್ ಪರೀಕ್ಷೆಗಳು ಒಂದೇ.

"ನನಗೆ ಏರೋದೇ ಇಲ್ಲ, ಲಿವರ್ ಗಟ್ಟಿ" ಎಂಬ ಮಾತನ್ನೂ ಇಲ್ಲೇ ಬಿಡಿಸಬೇಕು. ಮತ್ತೇರದಿರುವುದು ಮೆದುಳು ಒಗ್ಗಿಕೊಂಡದ್ದರ ಗುರುತು. ಅಂಥವರು ಹೆಚ್ಚು ಕುಡಿಯುತ್ತಾರೆ, ಅಷ್ಟೂ ಗ್ರಾಂ ಲಿವರ್‌ಗೇ ಬರುತ್ತದೆ. ಚೀನಾ, ಜಪಾನ್, ಕೊರಿಯಾದವರಲ್ಲಿ ಸಾಮಾನ್ಯವಾಗಿರುವ ಎಎಲ್‌ಡಿಎಚ್2 ಬದಲಾವಣೆಯಿಂದ ಒಂದೇ ಪೆಗ್‌ಗೆ ಮುಖ ಕೆಂಪಾಗಿ ಎದೆ ಡವಗುಟ್ಟುತ್ತದೆ, ಹಾಗಾಗಿ ಅವರು ಕಡಿಮೆ ಕುಡಿಯುತ್ತಾರೆ. ನಮ್ಮ ಕಡೆ ಅದು ಬಹಳ ಅಪರೂಪ.

ಪಿಎನ್‌ಪಿಎಲ್‌ಎ3ನ್ನು ಸುಮ್ಮನಾಗಿಸುವ ಔಷಧಿಗಳು ಇನ್ನೂ ಪ್ರಯೋಗದ ಹಂತದಲ್ಲಿವೆ. ಅಂಗಡಿಯಲ್ಲಿ "ಲಿವರ್ ಟಾನಿಕ್" ಎಂದು ಸಿಗುವ ಯಾವುದೂ ಈ ಜೀನ್‌ನ ಮೇಲೆ ಕೆಲಸ ಮಾಡುವುದಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯವನ್ನು ದಿನಾ ಕುಡಿದು ಲಿವರ್ ಊತ ತಂದುಕೊಂಡವರ ಬಗ್ಗೆ ನಮ್ಮ ದೇಶದ ಆಸ್ಪತ್ರೆಗಳಿಂದಲೇ ವರದಿಗಳು ಬಂದಿವೆ. ಕಾಮಾಲೆ ಕಂಡಾಗ ನಾಟಿ ಔಷಧಿ ಎಂದು ಮೂರು ವಾರ ಕಳೆಯುವುದು ಬೇಡ. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರದಿರಲಿ, ಅಂದರೆ 500ರ ಮಾತ್ರೆ ನಾಲ್ಕು. ಸಿರೋಸಿಸ್ ಇರುವವರು ಊಟ ಬಿಡಬಾರದು: ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಬೇಳೆ, ಹೆಸರುಕಾಳು, ಮೊಸರು, ಮೊಟ್ಟೆ ಎಲ್ಲವೂ ಸರಿ. ಮಲಗುವ ಮುಂಚೆ ಎರಡು ಚಪಾತಿ ತಿಂದರೆ ರಾತ್ರಿ ಮಾಂಸಖಂಡ ಕರಗುವುದು ತಗ್ಗುತ್ತದೆ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪಿನಕಾಯಿ, ಹಪ್ಪಳ ಬಂದ್.

ಬಿಡುವಾಗ ಆಗುವ ಅಪಾಯ

ವರದಿ ನೋಡಿ ಹೆದರಿ ಒಂದೇ ದಿನದಲ್ಲಿ ಬಿಟ್ಟವರು ಫಿಟ್ಸ್ ಬಂದು ಆಸ್ಪತ್ರೆ ಸೇರುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ, ಒಂದು ಪೆಗ್ ಬಿದ್ದರೆ ನಿಲ್ಲುತ್ತದೆ ಎನ್ನುವವರು ಮನೆಯಲ್ಲಿ ಒಂಟಿಯಾಗಿ ಬಿಡಬಾರದು. ಕೊನೆಯ ಪೆಗ್ ಆಗಿ 6ರಿಂದ 24 ಗಂಟೆಯೊಳಗೆ ನಡುಕ, ಬೆವರು ಬರುತ್ತದೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಇಲ್ಲದ್ದು ಕಾಣುವುದು, ಜನರ ಗುರುತು ಸಿಗದಿರುವುದು, ಜ್ವರ. ಈ ಕೊನೆಯದು ಜೀವ ತೆಗೆಯಬಲ್ಲದು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಡ್ರಿಪ್‌ಗೂ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಟ್ಟಿದ್ದಾರೆಯೇ ಎಂದು ಕೇಳಿ. ನಡುಕಕ್ಕೆ ಕೊಡುವ ಕ್ಲೋರ್‌ಡಯಜೆಪಾಕ್ಸೈಡ್ ಲಿವರ್ ಕೆಟ್ಟವರ ಮೈಯಲ್ಲೇ ಉಳಿದು ಮಂಪರು ತರುತ್ತದೆ. ಅಂಥವರಿಗೆ ವೈದ್ಯರು ಲೊರಜೆಪಾಮ್ ಆರಿಸಿಕೊಳ್ಳುತ್ತಾರೆ. ಲಿವರ್ ವರದಿಯನ್ನು ಮೊದಲೇ ತೋರಿಸಿ.

ಹೆಂಡತಿಯೋ ತಾಯಿಯೋ ಕಣ್ಣೀರಿನಲ್ಲಿ ತಂದು ಊಟದಲ್ಲಿ ಗುಟ್ಟಾಗಿ ಬೆರೆಸುವ "ಕುಡಿತ ಬಿಡಿಸುವ ಪುಡಿ"ಯಲ್ಲಿ ಡೈಸಲ್ಫಿರಾಮ್ ಇರಬಹುದು. ತಿಳಿಯದೆ ಅದರ ಮೇಲೆ ಕುಡಿದವರ ಬಿಪಿ ಕುಸಿಯುತ್ತದೆ, ಲಿವರ್ ಕೆಟ್ಟವರಿಗೆ ಆ ಔಷಧಿಯೇ ವಿಷ. ಆ ಸಂಕಟ ನಮಗೆ ಅರ್ಥವಾಗುತ್ತದೆ, ಆದರೂ ಬೇಡ. ಸಿರೋಸಿಸ್ ಇರುವವರಲ್ಲೂ ಪ್ರಯೋಗಿಸಿ ನೋಡಿದ ಬ್ಯಾಕ್ಲೊಫೆನ್, ಮೂತ್ರಪಿಂಡ ಸರಿಯಿದ್ದರೆ ಅಕಾಂಪ್ರೊಸೇಟ್, ಹೀಗೆ ದಾರಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಲು ಟೆಲಿ ಮಾನಸ್ 14416, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಕಣ್ಣು ಹಳದಿ, ಹಗಲು ನಿದ್ದೆ ರಾತ್ರಿ ಎಚ್ಚರ, ತೊದಲು ಮಾತು ಇವುಗಳಲ್ಲಿ ಒಂದು ಕಂಡರೂ ಫೋನ್ ಬೇಡ, ತುರ್ತು ವಿಭಾಗಕ್ಕೆ ಹೋಗಿ.

ಮನೆಯ ಉಳಿದವರ ಲೆಕ್ಕ

ಜಿಜಿ ಇರುವವರ ಪ್ರತಿ ಮಗುವಿಗೂ ಒಂದು ಜಿ ಖಚಿತವಾಗಿ ಹೋಗಿರುತ್ತದೆ, ಅದನ್ನು ತಿಳಿಯಲು ಪರೀಕ್ಷೆ ಬೇಕಿಲ್ಲ. ಎರಡನೆಯ ಜಿ ಬರುವುದು ಇನ್ನೊಬ್ಬ ಪೋಷಕರಿಂದ. ತಂದೆ ತಾಯಿ ಇಬ್ಬರೂ ಸಿಜಿ ಆಗಿದ್ದರೆ ಪ್ರತಿ ಮಗು ಜಿಜಿ ಆಗುವ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವನನ್ನು ಮದುವೆಯಾಗುವ ರೂಢಿ ನಮ್ಮಲ್ಲಿ ಹಲವು ಮನೆತನಗಳಲ್ಲಿದೆ; ಒಂದೇ ಅಜ್ಜ ಅಜ್ಜಿಯ ಜಿ ಎರಡೂ ಕಡೆಯಿಂದ ಬಂದು ಸೇರುವ ದಾರಿ ಅದು. ಪ್ರತಿಗಳಲ್ಲಿ ಕಾಲು ಭಾಗ ಜಿ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಸಂಬಂಧವಿಲ್ಲದ ಮದುವೆಯ ಮಗು ಜಿಜಿ ಆಗುವ ಸಂಭವ ಶೇ 6.3, ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ ಶೇ 7.4, ಸೋದರಮಾವನ ಮದುವೆಯಲ್ಲಿ ಶೇ 8.6. ಏರಿಕೆ ದೊಡ್ಡದಲ್ಲ, ಇದೊಂದಕ್ಕಾಗಿ ಯಾರೂ ಗಾಬರಿಯಾಗಬೇಕಿಲ್ಲ.

ಎಲ್ಲರಿಗೂ ವಾಡಿಕೆಯಂತೆ ಈ ಜೀನ್ ಪರೀಕ್ಷೆ ಮಾಡಿಸಿ ಎಂದು ಯಾವ ದೊಡ್ಡ ಮಾರ್ಗಸೂಚಿಯೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹಣ ಒಂದಕ್ಕೇ ಸಾಲುವುದಾದರೆ ಫೈಬ್ರೋಸ್ಕ್ಯಾನ್ ಮಾಡಿಸಿ. ತಂದೆಗೋ ಅಣ್ಣನಿಗೋ ಐವತ್ತರೊಳಗೆ ಸಿರೋಸಿಸ್ ಆಗಿದ್ದರೆ, ಕುಡಿಯುವ ತಮ್ಮ ಜೀನ್ ವರದಿಗೆ ಕಾಯದೆ ಈ ವಾರವೇ ಎಲ್‌ಎಫ್‌ಟಿ, ಸಿಬಿಸಿ ಕೊಡಲಿ. ಮಕ್ಕಳಿಗೆ ಹದಿನೆಂಟು ತುಂಬುವವರೆಗೆ ಜೀನ್ ಪರೀಕ್ಷೆ ಬೇಡ, ಆಮೇಲೆ ಬೇಕೋ ಬೇಡವೋ ಅವರೇ ತೀರ್ಮಾನಿಸಲಿ. ಅಷ್ಟರಲ್ಲಿ ಮನೆಯಲ್ಲಿ ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ನೋಡಿ. ದೇಶದಾದ್ಯಂತ ಶಿಶುಗಳಿಗೆ ಅದು ಸಿಗತೊಡಗಿದ್ದು 2011ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ಬಹಳಷ್ಟು ಜನರಿಗೆ ಆಗಿಲ್ಲ. ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರನೇ ತಿಂಗಳಿಗೆ.